ಸ್ಪಾಸ್-12 ಕಾಂಬ್ಯಾಟ್ ಶಾಟ್‌ಗನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಈ ಕೋವಿಯನ್ನು ಕೈಯಲ್ಲಿ ಹಿಡಿದವರು ಕಡಿಮೆ, ಪರದೆಯ ಮೇಲೆ ನೋಡಿದವರು ಕೋಟಿಗಟ್ಟಲೆ. ಪ್ರಶ್ನೆಗಳು ಬರುವುದೂ ಹೆಚ್ಚಾಗಿ ಆ ಎರಡನೇ ಗುಂಪಿನಿಂದಲೇ. ಸುಲಭದವು ಮೊದಲಿವೆ, ಜಟಿಲವಾದವು ಕೊನೆಯಲ್ಲಿವೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಅರ್ಥವಾಗುವಂತೆ ಒಂದೊಂದು ಉತ್ತರವನ್ನೂ ಬಿಡಿಯಾಗಿ ಬರೆದಿದೆ.

## ಮೊದಲು ತಿಳಿಯಬೇಕಾದ್ದು

ಸ್ಪಾಸ್-12 ಅಂದ್ರೆ ಏನು? ಯಾವ ದೇಶದ್ದು?

ಇಟಲಿಯ ಬ್ರೆಷಾ ನಗರದ ಲುಯಿಜಿ ಫ್ರಾಂಕಿ ಕಂಪನಿ ಮಾಡಿದ 12 ಬೋರಿನ ಶಾಟ್‌ಗನ್. ಫ್ರಾಂಕಿ 1868ರಲ್ಲಿ ಹುಟ್ಟಿದ ಸಂಸ್ಥೆ. ಅದರ ಮುಖ್ಯ ವ್ಯಾಪಾರ ಹಕ್ಕಿ ಹೊಡೆಯುವ ಬೇಟೆ ಕೋವಿಗಳದ್ದು. ಪೊಲೀಸ್ ಮತ್ತು ಸೇನೆಯನ್ನೇ ಗಿರಾಕಿಯಾಗಿಟ್ಟುಕೊಂಡು ಅದು ರೂಪಿಸಿದ ಸ್ಪಾಸ್-12 ಮಾರುಕಟ್ಟೆಗೆ ಬಂದದ್ದು 1979ರಲ್ಲಿ, ತಯಾರಿಕೆ ನಿಂತದ್ದು 2000ದಲ್ಲಿ. ಒಂದೇ ಕೋವಿಯನ್ನು ಪಂಪ್ ಮಾಡಿಯೂ (ಪ್ರತಿ ಈಡಿಗೂ ಮುಂದಿನ ಹಿಡಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು) ಹೊಡೆಯಬಹುದು, ಸೆಮಿ-ಆಟೋಮ್ಯಾಟಿಕ್ ಆಗಿಯೂ (ತಾನೇ ತೋಟಾ ತುಂಬಿಕೊಂಡು) ಹೊಡೆಯಬಹುದು. ಇದರ ವಿಶೇಷವೂ ಅದೇ, ತೊಂದರೆಯ ಮೂಲವೂ ಅದೇ.

12 ಬೋರ್ ಅಂತಾರಲ್ಲ, ಆ 12 ಏನು? 12 ಮಿಲಿಮೀಟರಾ?

ಅಲ್ಲ. ಒಂದು ಪೌಂಡ್ ಸೀಸವನ್ನು, ಅಂದರೆ ಸುಮಾರು 454 ಗ್ರಾಮನ್ನು, ಸಮನಾದ 12 ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪ ಆಗುತ್ತದೋ ನಳಿಗೆಯ ಒಳವ್ಯಾಸ ಅಷ್ಟಿರುತ್ತದೆ. ಲೆಕ್ಕ ಹಾಕಿದರೆ ಒಂದು ಗುಂಡಿಗೆ ಸುಮಾರು 38 ಗ್ರಾಂ, ವ್ಯಾಸ ಸುಮಾರು 18.5 ಮಿ.ಮೀ. ಅದೇ ಸೀಸವನ್ನು 16 ಪಾಲು ಮಾಡಿದರೆ ಗುಂಡು ಸಣ್ಣದಾಗುತ್ತದೆ, ಹಾಗಾಗಿ 16 ಬೋರ್ ಎಂದರೆ 12ಕ್ಕಿಂತ ಕಿರಿದು. ಸಂಖ್ಯೆ ಏರಿದಷ್ಟೂ ನಳಿಗೆ ಸಪೂರ. ಮಲೆನಾಡಿನ ಮನೆಗಳಲ್ಲಿ ಗೋಡೆಗೆ ತೂಗುಹಾಕಿರುವ ತೋಟಾ ಕೋವಿಯ 12 ಬೋರೂ ಸ್ಪಾಸ್‌ನ 12 ಬೋರೂ ಅಳತೆಯಲ್ಲಿ ಒಂದೇ. ಸ್ಪಾಸ್‌ನ ಗೂಡು, ಅಂದರೆ ಹೊಡೆಯುವಾಗ ತೋಟಾ ಕೂರುವ ನಳಿಗೆಯ ಹಿಂಬಾಯಿ, 70 ಮಿ.ಮೀ. ಉದ್ದದ ತೋಟಾಕ್ಕೆ ಮಾಡಿದ್ದು.

ತೋಟಾದ ಒಳಗೆ ಇರೋದು ಒಂದು ಗುಂಡಾ, ಚರೆಯಾ?

ಎರಡೂ ಸಿಗುತ್ತವೆ. ಪೊಲೀಸ್ ಮತ್ತು ಸೇನೆಯ ಬಳಕೆಯಲ್ಲಿ ಹೆಚ್ಚಾಗಿ ಕಾಣುವ ತೋಟಾದಲ್ಲಿ ಸುಮಾರು 8.4 ಮಿ.ಮೀ. ದಪ್ಪದ ಒಂಬತ್ತು ಸೀಸದ ಚರೆಗಳಿರುತ್ತವೆ. ಒಂದೇ ದೊಡ್ಡ ಗುಂಡಿರುವುದನ್ನು ಸ್ಲಗ್ ಎನ್ನುತ್ತಾರೆ. ಹಕ್ಕಿಗೆ ಬಳಸುವ ಸಣ್ಣ ಚರೆಯ ತೋಟಾದಲ್ಲಿ ಕಾಳುಗಳು ನೂರಾರು. ಇವಲ್ಲದೆ ರಬ್ಬರ್ ಗುಂಡು, ಅಶ್ರುವಾಯು, ಬಾಗಿಲ ಚಿಲಕ ಒಡೆಯುವ ಪುಡಿಗುಂಡು ಹೀಗೆ ಹತ್ತಾರು ಬಗೆ. ಇವುಗಳಲ್ಲಿ ರಬ್ಬರ್, ಅಶ್ರುವಾಯು ತೋಟಾಗಳನ್ನು ನೆನಪಿಟ್ಟುಕೊಳ್ಳಿ. ಸ್ಪಾಸ್‌ನ ವಿಚಿತ್ರ ರಚನೆಗೆ ಕಾರಣ ಅವೇ.

ನಮ್ಮ ತೋಟದ ಜೋಡುನಳಿಗೆ ಕೋವಿಗೂ ಕಾಂಬ್ಯಾಟ್ ಶಾಟ್‌ಗನ್‌ಗೂ ವ್ಯತ್ಯಾಸ ಏನು?

ಹಾರುವ ತೋಟಾ ಒಂದೇ, ಅದನ್ನು ಕೂರಿಸಿದ ಯಂತ್ರ ಬೇರೆ. ಜೋಡುನಳಿಗೆಯಲ್ಲಿ ಎರಡು ಈಡು ಮುಗಿದರೆ ಕೋವಿ ಮಡಿಸಿ ಮತ್ತೆ ತುಂಬಬೇಕು. ಕಾಂಬ್ಯಾಟ್ ಶಾಟ್‌ಗನ್ನಿನಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ಐದರಿಂದ ಎಂಟು ತೋಟಾ ಸಾಲಾಗಿ ಕೂತಿರುತ್ತವೆ. ಬೇಟೆ ಕೋವಿಯ ನಳಿಗೆ 70–75 ಸೆಂ.ಮೀ. ಇದ್ದರೆ ಇಲ್ಲಿ 45–55 ಸೆಂ.ಮೀ. ಮರದ ಬದಲು ಪ್ಲಾಸ್ಟಿಕ್, ಹೊಳಪಿನ ಬದಲು ಮಂಕು ಕಪ್ಪು, ಕೈ ಸುಡದಿರಲು ನಳಿಗೆಗೆ ಕವಚ. ಹಕ್ಕಿಯ ಹಿಂದೆ ನಯವಾಗಿ ತಿರುಗಬೇಕಾದ ತೂಕದ ಹದವನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ಯುದ್ಧಕ್ಕೆ ಶಾಟ್‌ಗನ್ ತಂದದ್ದು ಯಾರು?

ಕಾಂಬ್ಯಾಟ್ ಶಾಟ್‌ಗನ್ ಎಂಬ ಬೇರೆಯೇ ವರ್ಗ ಗಟ್ಟಿಯಾದದ್ದು ಮೊದಲ ಮಹಾಯುದ್ಧದ ಕಂದಕಗಳಲ್ಲಿ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897 ಎಂಬ ಪಂಪ್ ಕೋವಿಯ ನಳಿಗೆ ಕುಗ್ಗಿಸಿ, ತೂತಿನ ಲೋಹದ ಕವಚ ಹೊದಿಸಿ, ಸಂಗೀನು ಸಿಕ್ಕಿಸಲು ಕೊಂಡಿ ಇಟ್ಟು ಅಮೆರಿಕದ ಸೇನೆ ಫ್ರಾನ್ಸಿಗೆ ಒಯ್ದಿತು. ಪಬ್‌ಜಿ ಆಡಿದವರಿಗೆ ಎಸ್1897 ಎಂಬ ಹೆಸರು ಗೊತ್ತಿರುತ್ತದೆ. ಅದು ಇದೇ ಕೋವಿ. ಇಂಥ ಆಯುಧ ಅನಗತ್ಯ ಯಾತನೆ ಕೊಡುತ್ತದೆ, ಹೇಗ್ ಒಪ್ಪಂದಕ್ಕೆ ವಿರುದ್ಧ ಎಂದು ಜರ್ಮನಿ 1918ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಪ್ರತಿಭಟಿಸಿತು, ಅಮೆರಿಕ ಒಪ್ಪಲಿಲ್ಲ. ಕಂದಕದಲ್ಲಿ ನಿಜವಾಗಿ ಕಾಡಿದ ತೊಂದರೆ ಮಾತ್ರ ಬೇರೆ. ಆಗಿನ ತೋಟಾದ ಮೈ ದಪ್ಪ ಕಾಗದದ್ದು. ಕೆಸರಿನಲ್ಲಿ ನೆನೆದು ಉಬ್ಬಿದರೆ ಗೂಡಿನೊಳಗೆ ಹೋಗುತ್ತಲೇ ಇರಲಿಲ್ಲ. ಅದಕ್ಕೇ ಪೂರ್ತಿ ಹಿತ್ತಾಳೆಯ ತೋಟಾ ಮಾಡಿಸಬೇಕಾಯಿತು.

ಆಮೇಲೆ ಮಲಯದ ಕಾಡು, ವಿಯೆಟ್ನಾಮಿನ ಕಾಡು. ವಿಯೆಟ್ನಾಮಿನಲ್ಲಿ ಇಥಾಕ 37, ರೆಮಿಂಗ್ಟನ್ 870ರಂಥ ಪಂಪ್ ಕೋವಿಗಳು ದುಡಿದವು. ಆ ಅನುಭವದ ಬಿಸಿ ಆರುವ ಮುಂಚೆ, 1970 ಮತ್ತು 80ರ ದಶಕದಲ್ಲಿ, ಪಂಪಿಗಿಂತ ವೇಗದ ಶಾಟ್‌ಗನ್ ಮಾಡಬೇಕೆಂಬ ಹುಕಿ ಹಲವರಿಗೆ ಹತ್ತಿತು. ಅಮೆರಿಕದ ಮ್ಯಾಕ್ಸ್‌ವೆಲ್ ಅಚಿಸನ್ 1972ರಲ್ಲಿ ಪೂರ್ತಿ ಆಟೋಮ್ಯಾಟಿಕ್ ಮಾದರಿಗೇ ಕೈ ಹಾಕಿದ. ಸ್ಪಾಸ್-12 ಅದೇ ಕಾಲದ ಕೂಸು.

## ಒಳಗಿನ ರಚನೆ

ಎರಡು ನಳಿಗೆ ಕಾಣುತ್ತಲ್ಲ, ಒಟ್ಟಿಗೆ ಎರಡು ಈಡು ಹಾರುತ್ತಾ?

ಇಲ್ಲ. ಮೇಲಿನದು ನಳಿಗೆ, ಸುಮಾರು 54.6 ಸೆಂ.ಮೀ. ಉದ್ದ. ಕೆಳಗಿನದು ತೋಟಾ ಕೂರುವ ಕೊಳವೆ. ಅದರ ತುದಿ ಮುಚ್ಚಿದ್ದು. ಎರಡೂ ಹತ್ತಿರ ಹತ್ತಿರ ಒಂದೇ ಉದ್ದಕ್ಕೆ ಚಾಚಿರುವುದರಿಂದ ಎದುರಿನಿಂದ ನೋಡಿದವರಿಗೆ ಜೋಡುನಳಿಗೆಯಂತೆ ತೋರುತ್ತದೆ. ಈ ತಪ್ಪು ತಿಳಿವಳಿಕೆಗೆ ನೀರೆರೆದದ್ದು 1998ರ ಹಾಫ್-ಲೈಫ್ ಗೇಮ್. ಅದರಲ್ಲಿ ಎರಡನೇ ಗುಂಡಿ ಒತ್ತಿದರೆ ಏಕಕಾಲಕ್ಕೆ ಎರಡು ತೋಟಾ ಹಾರುತ್ತವೆ. ಆಟಕ್ಕೆ ಬಲು ಚೆನ್ನ, ಯಂತ್ರಕ್ಕೆ ಅಸಾಧ್ಯ.

ಪಂಪೂ ಹೌದು, ಸೆಮಿ-ಆಟೋಮ್ಯಾಟಿಕ್ಕೂ ಹೌದು. ಎರಡೂ ಯಾಕೆ ಬೇಕಿತ್ತು?

ಇಡೀ ಕೋವಿಯ ಕಥೆ ಈ ಪ್ರಶ್ನೆಯಲ್ಲೇ ಇದೆ.

ಸೆಮಿ-ಆಟೋಮ್ಯಾಟಿಕ್ ಕೋವಿ ತನ್ನ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತೋಟಾದಿಂದಲೇ ಕದಿಯುತ್ತದೆ. ಸ್ಪಾಸ್‌ನಲ್ಲಿ ಸಿಡಿದ ಮದ್ದಿನ ಅನಿಲದ ಸ್ವಲ್ಪ ಭಾಗ ನಳಿಗೆಯ ತಳದ ರಂಧ್ರದಿಂದ ಕೆಳಕ್ಕಿಳಿದು, ತೋಟಾ ಕೊಳವೆಯ ಸುತ್ತ ಬಳೆಯಂತೆ ಕೂತಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ ಬೋಲ್ಟನ್ನು, ಅಂದರೆ ಗೂಡಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡನ್ನು, ತಳ್ಳುತ್ತದೆ, ಖಾಲಿ ತೋಟಾ ಬಲಗಡೆ ಹಾರಿ ಬೀಳುತ್ತದೆ, ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ದೂಡುವಾಗ ಹೊಸ ತೋಟಾ ಗೂಡು ಸೇರುತ್ತದೆ. ಮದ್ದು ಜೋರಾಗಿದ್ದರೆ ಇದೆಲ್ಲ ಸಲೀಸು.

ಆದರೆ ಅಶ್ರುವಾಯು ಅಥವಾ ರಬ್ಬರ್ ತೋಟಾದಲ್ಲಿ ಮದ್ದು ಬಹಳ ಕಡಿಮೆ. ಜನರ ಮೇಲೆ ಪ್ರಯೋಗಿಸುವುದಾದ್ದರಿಂದ ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ. ಆ ಒತ್ತಡಕ್ಕೆ ಪಿಸ್ಟನ್ ಅರ್ಧ ದಾರಿ ಹೋಗಿ ನಿಲ್ಲುತ್ತದೆ. ಖಾಲಿ ತೋಟಾ ಪೂರ್ತಿ ಹೊರಬೀಳದೆ ಬೋಲ್ಟಿನ ಬಾಯಿಗೆ ಸಿಕ್ಕಿ ಕೋವಿ ಕಟ್ಟಿಕೊಳ್ಳುತ್ತದೆ. ಪಂಪ್ ಕೋವಿಗೆ ಈ ಚಿಂತೆಯಿಲ್ಲ, ಅಲ್ಲಿ ಶಕ್ತಿ ಬರುವುದು ಮನುಷ್ಯನ ಕೈಯಿಂದ. ಒಬ್ಬ ಪೊಲೀಸನಿಗೆ ಬೆಳಿಗ್ಗೆ ಗುಂಪು ಚದುರಿಸಲು ಒಂದು ಕೋವಿ, ಮಧ್ಯಾಹ್ನ ಒತ್ತೆಯಾಳು ಬಿಡಿಸಲು ಇನ್ನೊಂದು ಕೋವಿ ಕೊಡುವ ಬದಲು ಎರಡನ್ನೂ ಒಂದರಲ್ಲೇ ತುರುಕೋಣ ಎಂಬುದು ಫ್ರಾಂಕಿಯವರ ಯೋಚನೆ.

ಬದಲಿಸುವ ವಿಧಾನ ನೋಡುವುದಕ್ಕೆ ಸರಳ. ಎಡಗೈ ಹಿಡಿಯುವ ಮುಂಗವಚದ ಅಡಿಯಲ್ಲಿ ಒಂದು ಗುಂಡಿಯಿದೆ. ಅದನ್ನು ಒತ್ತಿ ಮುಂಗವಚವನ್ನು ಸ್ವಲ್ಪ ಮುಂದೆ ಅಥವಾ ಹಿಂದೆ ಸರಿಸಿದರೆ ಕಟಕ್ಕೆಂದು ಕೂರುತ್ತದೆ. ಒಂದು ಸ್ಥಾನದಲ್ಲಿ ಅದು ಅಲುಗಾಡದೆ ಬಿಗಿಯಾಗಿ, ಅನಿಲದ ಕೆಲಸ ಅನಿಲಕ್ಕೆ ಬಿಡುತ್ತದೆ. ಇನ್ನೊಂದರಲ್ಲಿ ಬಿಡುಗಡೆಗೊಂಡು ಪಂಪ್ ಆಗುತ್ತದೆ. ಹೊರಗೆ ಒಂದು ಗುಂಡಿ ಅಷ್ಟೇ, ಒಳಗೆ ಮಾತ್ರ ಎರಡು ಕೋವಿಯ ಸಂಸಾರ.

'ಸ್ಪೆಷಲ್ ಪರ್ಪಸ್ ಆಟೋಮ್ಯಾಟಿಕ್ ಶಾಟ್‌ಗನ್' ಎಂಬ ಪೂರ್ತಿ ಹೆಸರಲ್ಲೇ 'ಆಟೋಮ್ಯಾಟಿಕ್' ಇದೆ. ಟ್ರಿಗರ್ ಒತ್ತಿ ಹಿಡಿದ್ರೆ ಹೊಡೀತಾನೇ ಇರುತ್ತಾ?

ಇಲ್ಲ. ಒಂದು ಒತ್ತಿಗೆ ಒಂದೇ ಈಡು. ಹಳೆಯ ಬೇಟೆ ಕೋವಿಗಳ ಭಾಷೆಯಲ್ಲಿ ತಾನೇ ತುಂಬಿಕೊಳ್ಳುವ ಯಾವುದಕ್ಕೂ ಆಟೋಮ್ಯಾಟಿಕ್ ಎನ್ನುವ ರೂಢಿಯಿತ್ತು, ಅದೇ ಇಲ್ಲೂ ಉಳಿದಿದೆ. ಅಂದಹಾಗೆ ಸ್ಪಾಸ್ ಎಂಬ ಸಂಕ್ಷೇಪದ ಮೊದಲ ಅಕ್ಷರಗಳು 'ಸ್ಪೆಷಲ್ ಪರ್ಪಸ್' ಎಂಬುದಕ್ಕೆ ನಿಂತಿದ್ದವು. ಅಮೆರಿಕದ ಆಮದು ಕಾನೂನು ಕೋವಿಗೆ ಕ್ರೀಡಾ ಉದ್ದೇಶ ಇದೆಯೇ ಎಂದು ಕೇಳುತ್ತದೆ. ಹಾಗಾಗಿ ಅಲ್ಲಿಗೆ ಹೋಗುವಾಗ ಅದು 'ಸ್ಪೋರ್ಟಿಂಗ್ ಪರ್ಪಸ್' ಆಯಿತು. ಅಕ್ಷರ ಅವೇ, ಕೋವಿ ಅದೇ, ಉದ್ದೇಶ ಮಾತ್ರ ರಾತ್ರೋರಾತ್ರಿ ಕ್ರೀಡೆ!

ಹಿಂದುಗಡೆ ಆ ಕೊಕ್ಕೆ ಯಾತಕ್ಕೆ? ಬ್ಯಾಗ್ ತೂಗುಹಾಕೋದಕ್ಕಾ?

ನಗಬೇಡಿ, ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಭುಜಕ್ಕೆ ಆನಿಸುವ ತಗಡಿನ ಹಿಂಬದಿ ಸ್ಟಾಕ್ ಮೇಲಕ್ಕೆ ಮಡಿಚಿ ಕೋವಿಯ ಬೆನ್ನಿನ ಮೇಲೆ ಮಲಗುತ್ತದೆ; ಅದರ ತುದಿಯಲ್ಲಿ ತಿರುಗುವ ಕೊಕ್ಕೆ ಇದೆ. ಸ್ಟಾಕ್ ಬಿಚ್ಚಿ ಕೊಕ್ಕೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿದರೆ ಅದು ಮುಂಗೈಯನ್ನು ಮೊಣಕೈಯ ಹತ್ತಿರ ಅಪ್ಪಿ ಹಿಡಿಯುತ್ತದೆ. ಆಗ ಕೋವಿಯ ತೂಕ ಮಣಿಕಟ್ಟಿನ ಮೇಲೊಂದೇ ಬೀಳದೆ ಮುಂಗೈಗೆಲ್ಲ ಹಂಚಿಕೊಂಡು, ಇನ್ನೊಂದು ಕೈ ಖಾಲಿ ಉಳಿಯುತ್ತದೆ. ವಾಹನದ ಕಿಟಕಿಯಿಂದ, ಅಥವಾ ಒಂದು ಕೈಯಲ್ಲಿ ಬಾಗಿಲು ತೆರೆಯುತ್ತ ಹೊಡೆಯುವ ಸಂದರ್ಭಕ್ಕೆಂದು ಈ ಏರ್ಪಾಡು. ಕಾಗದದ ಮೇಲೆ ಚೆಂದ. ನಾಲ್ಕು ಕಿಲೋ ದಾಟಿದ 12 ಬೋರನ್ನು ಒಂಟಿ ಕೈಯಲ್ಲಿ ಗುರಿಯಿಟ್ಟು ಹೊಡೆಯುವವರು ಸಿನಿಮಾದಲ್ಲಿ ಮಾತ್ರ ಧಾರಾಳವಾಗಿ ಸಿಗುತ್ತಾರೆ. ಬಳಸುವವರು ಎಷ್ಟೋ ಮಂದಿ ಬಟ್ಟೆಬರೆಗೆ ಸಿಕ್ಕಿಕೊಳ್ಳುತ್ತದೆಂದು ಕೊಕ್ಕೆಯನ್ನು ಕಳಚಿಟ್ಟರು. ಇವತ್ತು ಸಂಗ್ರಹಕಾರರು ಹುಡುಕಾಡುವುದು ಅದೇ ಕೊಕ್ಕೆಗೆ.

ನಳಿಗೆ ಮೇಲಿನ ತೂತುಗಳು ಶಬ್ದ ಕಡಿಮೆ ಮಾಡೋಕಾ?

ಶಬ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ತೂತಿರುವುದು ನಳಿಗೆಯಲ್ಲಲ್ಲ, ಅದರ ಮೇಲಿನ ಕವಚದಲ್ಲಿ. ಗಾಳಿ ಆಡಲಿ, ಬಿಸಿ ನಳಿಗೆಗೆ ಕೈ ತಾಗದಿರಲಿ ಎಂದು.

ತುಂಬಾ ಭಾರ ಅಂತಾರೆ. ನಿಜವಾಗಿ ಎಷ್ಟು?

ಖಾಲಿ ಕೋವಿಯೇ ಸುಮಾರು 4.4 ಕೆಜಿ. ಒಂದೊಂದು ಚರೆ ತೋಟಾ 45–50 ಗ್ರಾಂ ಎಂದಿಟ್ಟುಕೊಂಡರೆ ಕೊಳವೆಯ ಎಂಟು ಮತ್ತು ಗೂಡಿನ ಒಂದು ಸೇರಿ ಇನ್ನೂ 400 ಗ್ರಾಮಿಗೆ ಮೇಲೆ. ಅಲ್ಲಿಗೆ ಐದು ಕೆಜಿಯ ಅಕ್ಕಿ ಚೀಲದ ಹತ್ತಿರ ಬಂತು, ಅದೂ ಎದೆಯ ಮುಂದೆ ಚಾಚಿದ ಕೈಯಲ್ಲಿ. ಹೋಲಿಕೆಗೆ ರೆಮಿಂಗ್ಟನ್ 870 ಖಾಲಿ ಇದ್ದಾಗ ಮೂರೂಕಾಲು ಕೆಜಿಯ ಆಸುಪಾಸು. ಎರಡು ವ್ಯವಸ್ಥೆ ತುರುಕಿದ್ದಕ್ಕೆ ತೆತ್ತ ಬೆಲೆ ಈ ಹೆಚ್ಚುವರಿ ಕಿಲೋ. ಒಂದೇ ಲಾಭವೆಂದರೆ ಭಾರದ ಕೋವಿ ಭುಜಕ್ಕೆ ಕಡಿಮೆ ಒದೆಯುತ್ತದೆ.

ತೋಟಾ ತುಂಬೋದು ಯಾಕೆ ಅಷ್ಟು ಕಷ್ಟ?

ಸಾಮಾನ್ಯ ಪಂಪ್ ಕೋವಿಯಲ್ಲಿ ಹೆಬ್ಬೆರಳಿಂದ ತೋಟಾ ಒತ್ತಿದರೆ ಕೆಳಗಿನ ತಟ್ಟೆ ತಾನೇ ಮೇಲೇಳುತ್ತದೆ, ತೋಟಾ ಕೊಳವೆ ಸೇರುತ್ತದೆ. ಸ್ಪಾಸ್‌ನಲ್ಲಿ ಆ ತಟ್ಟೆಗೆ ಒಂದು ಚಿಲಕವಿದೆ. ಒಂದು ಕೈ ಅದರ ಗುಂಡಿ ಒತ್ತಿ ಹಿಡಿಯಬೇಕು, ಇನ್ನೊಂದು ಕೈ ತೋಟಾ ತಳ್ಳಬೇಕು. ಮೂರನೇ ಕೈ ಇದ್ದಿದ್ದರೆ ಕೋವಿಯನ್ನೂ ಹಿಡಿದುಕೊಳ್ಳಬಹುದಿತ್ತು. ಗೇಮಿನಲ್ಲಿ ಓಡುತ್ತೋಡುತ್ತ ಒಂದೊಂದೇ ತೋಟಾ ಸಲೀಸಾಗಿ ಒಳಗೆ ಹೋಗುವುದನ್ನು ಕಂಡವರು ಅಸಲಿ ಕೋವಿ ನೋಡಿದರೆ ಕಂಗಾಲಾಗುವುದು ಇಲ್ಲೇ.

ಆದರೆ ಒಂದು ಜಾಣ ಏರ್ಪಾಡೂ ಇದೆ: ಮ್ಯಾಗಜೀನ್ ಕಟ್‌ಆಫ್. ಅದನ್ನು ಹಾಕಿದರೆ ಕೊಳವೆಯಿಂದ ತೋಟಾ ಬರುವುದು ನಿಲ್ಲುತ್ತದೆ. ಕೊಳವೆ ತುಂಬ ಚರೆ ತೋಟಾ ಹಾಗೇ ಇಟ್ಟುಕೊಂಡು, ಗೂಡಿಗೆ ಮಾತ್ರ ಒಂದು ಅಶ್ರುವಾಯು ತೋಟಾ ಹಾಕಿ ಹೊಡೆಯಬಹುದು.

ಸೇಫ್ಟಿ ತೆಗೆದ್ರೆ ಕೋವಿ ತಾನೇ ಹಾರ್ತಿತ್ತಂತೆ, ಹೌದಾ?

ಹೌದು, ಮೊದಲ ಮಾದರಿಗಳಲ್ಲಿ. ಟ್ರಿಗರಿನ ಹತ್ತಿರ ಬೆರಳಿಂದ ತಿರುಗಿಸುವ ಒಂದು ಸನ್ನೆ ಇತ್ತು, ಅದೇ ಸೇಫ್ಟಿ. ಕೆಲವು ಕೋವಿಗಳಲ್ಲಿ ಅದನ್ನು 'ಹೊಡೆ' ಸ್ಥಾನಕ್ಕೆ ತಿರುಗಿಸಿದಾಕ್ಷಣ, ಟ್ರಿಗರ್ ಮುಟ್ಟದೆಯೇ, ಈಡು ಹಾರಿಬಿಡುವ ಅಪಾಯ ಕಂಡುಬಂತು. ಕಂಪನಿ ಆ ಭಾಗವನ್ನು ವಾಪಸ್ ಕರೆಸಿಕೊಂಡು ಬದಲಿಸಿಕೊಡುವ ಪ್ರಕಟಣೆ ಹೊರಡಿಸಿತು. ನಂತರದ ಕೋವಿಗಳಲ್ಲಿ ಅಡ್ಡಕ್ಕೆ ಒತ್ತುವ ಗುಂಡಿಯ ಸೇಫ್ಟಿ ಬಂತು. ಸುರಕ್ಷತೆಗೆಂದು ಇಟ್ಟ ಭಾಗವೇ ಕೈಕೊಡುವುದಕ್ಕಿಂತ ಕೆಟ್ಟ ದೋಷ ಕೋವಿಗೆ ಇನ್ನೊಂದಿಲ್ಲ. ಸ್ಪಾಸ್‌ನ ಹೆಸರಿಗೆ ಅಂಟಿದ ನಿಜವಾದ ಕಲೆ ಇದೇ.

## ಪರದೆಯ ಮೇಲೆ

ಇಷ್ಟೆಲ್ಲ ತೊಂದರೆ ಇದ್ದ ಕೋವಿ ಸಿನಿಮಾದವರಿಗೆ ಯಾಕೆ ಅಷ್ಟು ಇಷ್ಟ?

ಕ್ಯಾಮೆರಾಕ್ಕೆ ತೂಕ ಗೊತ್ತಾಗುವುದಿಲ್ಲ. ಅದಕ್ಕೆ ಕಾಣುವುದು ಆಕಾರ. ತೂತಿನ ಕವಚ, ದಪ್ಪ ಮುಂಗವಚ, ಪಿಸ್ತೂಲಿನಂಥ ಹಿಡಿ, ಬೆನ್ನ ಮೇಲೆ ಮಡಿಚಿದ ತಗಡು: ನಿಂತಲ್ಲೇ ಬೆದರಿಸುವ ಮೈಕಟ್ಟು. 1984ರ ದಿ ಟರ್ಮಿನೇಟರ್ ಚಿತ್ರದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಪಾತ್ರ ಬಂದೂಕಿನಂಗಡಿಯಲ್ಲಿ ಇದನ್ನು ಕೇಳಿ ಪಡೆಯುತ್ತದೆ, ಮುಂದೆ ಪೊಲೀಸ್ ಠಾಣೆಯ ದೃಶ್ಯದಲ್ಲಿ ಒಂದು ಕೈಯಲ್ಲಿ ರೈಫಲ್, ಇನ್ನೊಂದರಲ್ಲಿ ಸ್ಪಾಸ್. ಯಂತ್ರಮಾನವನಿಗೆ 4.4 ಕೆಜಿ ಯಾವ ಲೆಕ್ಕ! ಆ ಕೊಕ್ಕೆಗೆ ತಕ್ಕ ಗಿರಾಕಿ ಕೊನೆಗೂ ಸಿಕ್ಕಿದ್ದ ಎನ್ನಬೇಕು.

1993ರ ಜುರಾಸಿಕ್ ಪಾರ್ಕ್ ಅದರ ಇನ್ನೊಂದು ಗುಣವನ್ನು ಹಿಡಿಯಿತು. ಬೇಟೆಗಾರ ಮಲ್ಡೂನ್ ಪೊದೆಯಲ್ಲಿ ಕೂತು, ಸದ್ದಾಗದಂತೆ, ನಿಧಾನಕ್ಕೆ ಸ್ಟಾಕ್ ಬಿಡಿಸುತ್ತಾನೆ. ಪ್ರೇಕ್ಷಕನ ಉಸಿರು ಬಿಗಿಯುವುದು ಆ ತಗಡಿನ ಚಲನೆಗೆ. ಮಾಮೂಲಿ ಮರದ ಹಿಡಿಯ ಕೋವಿ ಕೊಟ್ಟಿದ್ದರೆ ಆ ದೃಶ್ಯದಲ್ಲಿ ಅವನ ಕೈಗೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಕಡೆಗೆ ಅವನು ಒಂದು ಈಡೂ ಹೊಡೆಯದೆ ಸಾಯುತ್ತಾನೆ ಎಂಬುದು ಬೇರೆ ಮಾತು.

ಸ್ಯಾನ್ ಆಂಡ್ರಿಯಾಸ್‌ನ 'ಕಾಂಬ್ಯಾಟ್ ಶಾಟ್‌ಗನ್' ಇದೇನಾ?

ಇದೇ. 2004ರ ಜಿಟಿಎ: ಸ್ಯಾನ್ ಆಂಡ್ರಿಯಾಸ್ ಆ ಕೋವಿಯನ್ನು ಹೆಸರಿಸದೆ ವರ್ಗದ ಹೆಸರನ್ನೇ ಕೊಟ್ಟಿತು, ಆಕಾರ ಮಾತ್ರ ಸ್ಪಾಸ್‌ನದ್ದು. ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಊರಿನ ಸೈಬರ್ ಕೆಫೆಯವರೆಗೆ ಗಂಟೆಗೆ ಇಷ್ಟೆಂದು ದುಡ್ಡು ಕೊಟ್ಟು ಆಡಿದ ತಲೆಮಾರು ಈ ಕೋವಿಯನ್ನು ಮೊದಲು ಕಂಡದ್ದು ಅಲ್ಲೇ. ಮುಂದಿನ ತಲೆಮಾರು ಫ್ರೀ ಫೈರ್‌ನಲ್ಲಿ ಸ್ಪಾಸ್12 ಎಂಬ ಹೆಸರಿನೊಂದಿಗೇ ಕಂಡಿತು, 2022ರ ಫೆಬ್ರವರಿಯಲ್ಲಿ ಭಾರತ ಸರ್ಕಾರ ಆ ಆ್ಯಪ್ ನಿಷೇಧಿಸುವವರೆಗೆ. ಗಮನಿಸಿ: ಕೆಲವು ಗೇಮ್‌ಗಳು ಇದನ್ನು ಬರೀ ಪಂಪ್ ಮಾಡಿವೆ, ಕೆಲವು ಬರೀ ಸೆಮಿ-ಆಟೋ. ಎರಡನ್ನೂ ಕೊಟ್ಟರೆ ಆಟದ ಸಮತೋಲ ಕೆಡುತ್ತದೆ ಎಂಬ ಲೆಕ್ಕ ಇರಬೇಕು.

ಗೇಮಲ್ಲಿ ಹತ್ತು ಹೆಜ್ಜೆ ದಾಟಿದ್ರೆ ಶಾಟ್‌ಗನ್ ಏಟೇ ತಾಗಲ್ಲ. ನಿಜದಲ್ಲೂ ಹಾಗೇನಾ?

ಗೇಮಿನ ಅತಿ ದೊಡ್ಡ ಸುಳ್ಳು ಇದು. ಒಂಬತ್ತು ಚರೆಯ ತೋಟಾವನ್ನು ಬಿಗಿತವಿಲ್ಲದ ಸಾದಾ ನಳಿಗೆಯಿಂದ ಹೊಡೆದರೆ ಹತ್ತು ಮೀಟರಿನಲ್ಲಿ ಚರೆ ಹರಡುವುದು ಅಜಮಾಸು ಒಂದು ಊಟದ ತಟ್ಟೆಯಷ್ಟಗಲ. ಮೂರು ಮೀಟರಿನಲ್ಲಿ ಮುಷ್ಟಿಯಷ್ಟೂ ಇಲ್ಲ. ಗುರಿಯಿಡದೆ ಹೊಡೆದರೂ ತಗಲುತ್ತದೆ ಎನ್ನುವುದು ಕೋಣೆಯೊಳಗಂತೂ ಸುಳ್ಳು. 35–40 ಮೀಟರ್‌ವರೆಗೆ ಇಂಥ ತೋಟಾ ಅಪಾಯಕಾರಿಯಾಗಿಯೇ ಇರುತ್ತದೆ. ಸ್ಪಾಸ್‌ನ ನಳಿಗೆಯ ತುದಿಗೆ ತಿರುಪಿನಿಂದ ಚೋಕ್ ಎಂಬ, ಬಾಯಿ ಕಿರಿದಾಗಿಸುವ ತುಂಡು ಕೂರಿಸಿ ಹರಡುವಿಕೆಯನ್ನು ಬಿಗಿಗೊಳಿಸಬಹುದಿತ್ತು. ಚರೆಯನ್ನು ಅಡ್ಡಲಾಗಿಯೋ ಉದ್ದಲಾಗಿಯೋ ಹರಡಿಸುವ ಮೂತಿಯನ್ನೂ ಮಾರಿದರು. ಗೇಮ್ ತಯಾರಕರು ಹರಡುವಿಕೆಯನ್ನು ಹಿಗ್ಗಿಸುವುದಕ್ಕೆ ಕಾರಣ ಒಂದೇ: ಇಲ್ಲದಿದ್ದರೆ ಬೇರೆ ಕೋವಿಗಳನ್ನು ಯಾರೂ ಮುಟ್ಟುವುದಿಲ್ಲ.

ಈಡು ಬಿದ್ದವನು ಹಿಂದಕ್ಕೆ ಹಾರಿ ಗೋಡೆಗೆ ಬಡೀತಾನಲ್ಲ?

ಕೂಡಿ ಕಳೆದು ನೋಡೋಣ. ಒಂಬತ್ತು ಚರೆ ಸೇರಿ ಸುಮಾರು 32 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 400 ಮೀಟರ್. ಅಷ್ಟೂ ಸಂವೇಗ 70 ಕೆಜಿಯ ಮನುಷ್ಯನಿಗೆ ವರ್ಗವಾದರೂ ಅವನಿಗೆ ಸಿಗುವ ವೇಗ ಸೆಕೆಂಡಿಗೆ 18 ಸೆಂ.ಮೀ. ನಾವು ಆರಾಮಾಗಿ ನಡೆಯುವಾಗಿನ ವೇಗದ ಏಳನೇ ಒಂದು ಪಾಲೂ ಅಲ್ಲ. ಹೊಡೆದವನ ಭುಜಕ್ಕೂ ಅಷ್ಟೇ ಒದೆತ ಬೀಳುತ್ತದೆ. ಅವನು ಹಾರಿ ಬೀಳದಿದ್ದರೆ ಎದುರಿನವನೂ ಹಾರುವುದಿಲ್ಲ. ಸಿನಿಮಾದಲ್ಲಿ ಎಳೆಯುವುದು ಬೆನ್ನಿಗೆ ಕಟ್ಟಿದ ತಂತಿ.

## ಮಾರುಕಟ್ಟೆ, ಕಾನೂನು, ಒಡಹುಟ್ಟುಗಳು

ಅಷ್ಟು ಪ್ರಸಿದ್ಧಿ ಇದ್ದ ಮೇಲೆ ತಯಾರಿಕೆ ನಿಲ್ಲಿಸಿದ್ದು ಯಾಕೆ?

ಸೇನೆ, ಪೊಲೀಸರಿಂದ ದೊಡ್ಡ ಬೇಡಿಕೆ ಬರಲಿಲ್ಲ. ಇಟಲಿಯ ವಿಶೇಷ ಪೊಲೀಸ್ ಪಡೆಗಳು ಮತ್ತು ಇತರ ಕೆಲವು ದೇಶಗಳವರು ಕೊಂಡರು, ಅಷ್ಟೇ. ದುಡ್ಡು ಇದ್ದದ್ದು ಅಮೆರಿಕದ ಖಾಸಗಿ ಗಿರಾಕಿಗಳಲ್ಲಿ. ಅಲ್ಲಿ ಮೊದಲು ಎಫ್.ಐ.ಇ. ಎಂಬ ಕಂಪನಿ, ಆಮೇಲೆ ಅಮೆರಿಕನ್ ಆರ್ಮ್ಸ್ ಎಂಬ ಕಂಪನಿ ಆಮದು ಮಾಡುತ್ತಿದ್ದವು. 1989ರಿಂದ ಆಮದು ನಿಯಮ ಬಿಗಿಯಾದ ಮೇಲೆ ಮಡಿಚುವ ಸ್ಟಾಕ್ ಹೋಗಿ ಗಟ್ಟಿ ಪ್ಲಾಸ್ಟಿಕ್ ಸ್ಟಾಕ್ ಬಂತು, ಕೊಳವೆಯಲ್ಲಿ ಹಿಡಿಸುವ ತೋಟಾಗಳೂ ಕಡಿಮೆಯಾದವು.

1994ರ ಕೇಂದ್ರ ಕಾನೂನು ಬಾಗಿಲನ್ನೇ ಹಾಕಿತು. ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ನಿಗೆ ಮಡಿಚುವ ಸ್ಟಾಕ್, ಎದ್ದು ಕಾಣುವ ಪಿಸ್ತೂಲು ಹಿಡಿ, ಐದಕ್ಕಿಂತ ಹೆಚ್ಚು ತೋಟಾ ಹಿಡಿಯುವ ಮ್ಯಾಗಜೀನ್, ಕಳಚುವ ಮ್ಯಾಗಜೀನ್, ಈ ನಾಲ್ಕರಲ್ಲಿ ಎರಡಿದ್ದರೆ ನಿಷೇಧ. ಮೂಲ ಸ್ಪಾಸ್‌ನಲ್ಲಿ ಮೂರಿದ್ದವು. ಜನರನ್ನು ಸೆಳೆದ ಒಂದೊಂದು ಲಕ್ಷಣವೂ ಕಾನೂನಿನ ಪಟ್ಟಿಯಲ್ಲಿ ಒಂದೊಂದು ಗೆರೆಯಾಯಿತು. 2004ರಲ್ಲಿ ಆ ಕಾನೂನಿನ ಅವಧಿ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತು ನಾಲ್ಕು ವರ್ಷವಾಗಿತ್ತು.

ಸ್ಪಾಸ್-15, ಲಾ-12, ಸಾಸ್-12 ಇವೆಲ್ಲ ಏನು?

ಒಂದೇ ಮನೆಯವು. ಲಾ-12 ಸೆಮಿ-ಆಟೋ ಮಾತ್ರ, ಸಾಸ್-12 ಪಂಪ್ ಮಾತ್ರ. ಸ್ಪಾಸ್-15ರಲ್ಲಿ ಎರಡೂ ವಿಧಾನ ಉಳಿಸಿಕೊಂಡು ಕೊಳವೆಯ ಬದಲು ರೈಫಲಿನಂತೆ ಕಳಚುವ ಪೆಟ್ಟಿಗೆ ಮ್ಯಾಗಜೀನ್ ಇಟ್ಟರು, ಆರು ತೋಟಾದ್ದು. ಕಾಂಬ್ಯಾಟ್ ಕೋವಿಯಾಗಿ ಅದೇ ಮೇಲು. ಆದರೆ ಮುಖ ರೈಫಲಿನಂತಿದ್ದುದರಿಂದ ಸಿನಿಮಾದವರು ತಿರುಗಿಯೂ ನೋಡಲಿಲ್ಲ.

ಬೆನೆಲ್ಲಿ ಎಂ3 ಕೂಡ ಎರಡೂ ರೀತಿ ಹೊಡೆಯುತ್ತಲ್ಲ, ಅದು ಹೇಗೆ ಬಾಳಿತು?

ಅದೂ ಇಟಲಿಯದೇ, ಸ್ಪಾಸ್ ಬಂದು ಸುಮಾರು ಹತ್ತು ವರ್ಷಕ್ಕೆ ಬಂದದ್ದು. ಬೆನೆಲ್ಲಿಯ ಹೂಟ ಅನಿಲವನ್ನು ಕದಿಯುವುದಿಲ್ಲ. ಬೋಲ್ಟ್ ಎರಡು ತುಂಡಾಗಿದ್ದು ನಡುವೆ ಒಂದು ದಪ್ಪ ಸ್ಪ್ರಿಂಗ್ ಇದೆ. ಒದೆತಕ್ಕೆ ಇಡೀ ಕೋವಿ ಹಿಂದೆ ಜರುಗಿದಾಗ ಭಾರದ ತುಂಡು ಜಡತ್ವದಿಂದ ಇದ್ದಲ್ಲೇ ಉಳಿದು ಸ್ಪ್ರಿಂಗನ್ನು ಒತ್ತುತ್ತದೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಒತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಬೋಲ್ಟ್ ತೆರೆಯುತ್ತದೆ. ಪಿಸ್ಟನ್ ಇಲ್ಲ, ಅನಿಲದ ರಂಧ್ರವಿಲ್ಲ, ಮಸಿಯೂ ಕಡಿಮೆ. ಬಿಡಿಭಾಗ ಕಡಿಮೆಯಾದ್ದರಿಂದ ತೂಕ ಸ್ಪಾಸ್‌ಗಿಂತ ಸುಮಾರು ಒಂದು ಕಿಲೋ ಇಳಿಯಿತು. ಮುಂದೆ ಅದೇ ಕಂಪನಿಯ ಎಂ4 ಮತ್ತೆ ಅನಿಲಕ್ಕೆ ಮರಳಿ ಎರಡು ಗಿಡ್ಡ ಪಿಸ್ಟನ್‌ಗಳನ್ನು ಇಟ್ಟುಕೊಂಡಿತು, ಪಂಪ್ ವಿಧಾನವನ್ನು ಕೈಬಿಟ್ಟಿತು. ಅಮೆರಿಕದ ಸೇನೆ ಎಂ1014 ಎಂಬ ಹೆಸರಲ್ಲಿ ಆರಿಸಿಕೊಂಡದ್ದು ಅದನ್ನೇ.

ಭಾರತದಲ್ಲಿ ಲೈಸೆನ್ಸ್ ಮೇಲೆ ಸಿಗುತ್ತಾ?

ಇಲ್ಲ ಎಂದೇ ತಿಳಿಯಿರಿ. ಪಿಸ್ತೂಲು, ರಿವಾಲ್ವರ್ ಬಿಟ್ಟು ಉಳಿದ ಸೆಮಿ-ಆಟೋಮ್ಯಾಟಿಕ್ ಕೋವಿಗಳು ನಮ್ಮ ಆಯುಧ ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿವೆ. ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಜಿಲ್ಲಾಧಿಕಾರಿ ಕೊಡುವ ಮಾಮೂಲಿ ಲೈಸೆನ್ಸಿನ ವ್ಯಾಪ್ತಿಗೆ ಬರುವುದಿಲ್ಲ. 1980ರ ದಶಕದ ಮಧ್ಯದಿಂದ ಖಾಸಗಿ ಆಮದಿಗೂ ತಡೆಯಿದೆ. 12 ಬೋರಿನ ಪಂಪ್ ಕೋವಿಯೇ ಬೇಕೆಂದರೆ ಭಾರತದ ಆರ್ಡ್‌ನೆನ್ಸ್ ಕಾರ್ಖಾನೆಯ ಮಾದರಿ ಇದೆ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ, ಮುಂಚೆ ಮೂರಿತ್ತು.

ಕೊಡಗಿನಲ್ಲಿ ಲೈಸೆನ್ಸೇ ಬೇಡವಲ್ಲ. ಅಲ್ಲಿ ಇಟ್ಟುಕೊಳ್ಳಬಹುದಾ?

ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸ್ ಪಡೆಯುವುದರಿಂದ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ವಿದೇಶಿ ಕೋವಿ ತರಿಸಲು ಅದು ಪರವಾನಗಿಯಲ್ಲ. ಕೈಲ್‌ಪೊಳ್ದ್‌ನಲ್ಲಿ ಪೂಜೆಗೆ ಕೂರುವ, ಪುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು ಹಾರಿಸುವ ತೋಕು ಮನೆತನದ ಹಳೆಯ ಕೋವಿ. ಆ ಸಾಲಿನಲ್ಲಿ ಸ್ಪಾಸ್ ಹುಡುಕಿದರೆ ಸಿಗದು.

ನಾನು ಅಮೆರಿಕದಲ್ಲಿದ್ದೇನೆ. ಹಳೇ ಸ್ಪಾಸ್ ಮಾರಾಟಕ್ಕಿದೆ, ಏನು ನೋಡಬೇಕು?

ಮೊದಲು ನಿಮ್ಮ ವೀಸಾ ನೋಡಿ. ಎಚ್-1ಬಿ, ಎಫ್-1ರಂಥ ವಲಸೆಯಲ್ಲದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ಕೆಲವೇ ಅಪವಾದಗಳಿವೆ. ಗ್ರೀನ್ ಕಾರ್ಡ್ ಇದ್ದರೆ ಬೇರೆ. ಆಮೇಲೆ ರಾಜ್ಯ ನೋಡಿ. ಕ್ಯಾಲಿಫೋರ್ನಿಯಾದ 1989ರ ಕಾನೂನು ಸ್ಪಾಸ್-12, ಲಾ-12 ಎರಡನ್ನೂ ಹೆಸರು ಹಿಡಿದೇ ನಿಷೇಧಿಸಿದೆ, ಆ ರಾಜ್ಯದ ಬೇ ಏರಿಯಾದವರು ಇಲ್ಲಿಗೇ ನಿಲ್ಲಿಸಬಹುದು.

ಅದೆರಡೂ ದಾಟಿದರೆ ಕೋವಿಯ ಸರದಿ. ಹಳೆಯ ಸನ್ನೆಯ ಸೇಫ್ಟಿ ಇನ್ನೂ ಇದೆಯೇ, ಬದಲಾಗಿದೆಯೇ? ಬದಲಾಗದಿದ್ದರೆ ತಜ್ಞ ಗನ್‌ಸ್ಮಿತ್ ನೋಡುವವರೆಗೆ ತೋಟಾ ಹಾಕಲೇಬೇಡಿ. ಬೋಲ್ಟ್ ಹಿಂದಕ್ಕೆ ಬಡಿಯುವ ಜಾಗದ ಮೆತ್ತೆ ಕಾಲಕ್ಕೆ ಒಣಗಿ ಪುಡಿಯಾಗುತ್ತದೆ; ಅದಿಲ್ಲದೆ ಹೊಡೆದರೆ ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಮಿಶ್ರಲೋಹದ ಮೈಗೆ ನೇರ ಗುದ್ದುತ್ತದೆ. ಅನಿಲ ಭಾಗದ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ ಸೆಮಿ-ಆಟೋದಲ್ಲಿ ತೋಟಾ ಸಿಕ್ಕಿಕೊಳ್ಳುತ್ತದೆ, ಪಂಪಿನಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಮಾರುವವರು ಪಂಪಿನಲ್ಲಿ ತೋರಿಸಿ 'ಚೆನ್ನಾಗಿದೆ' ಎಂದರೆ ಅರ್ಧ ಪರೀಕ್ಷೆಯಷ್ಟೇ ಆಯಿತು. ಗಟ್ಟಿ ಸ್ಟಾಕಿನ ಕೋವಿ ಕೊಂಡು ಮಡಿಚುವ ಸ್ಟಾಕ್ ಹಾಕಿಸುವ ಆಸೆಯಿದ್ದರೆ ವಕೀಲರನ್ನು ಕೇಳದೆ ತಿರುಪಿಗೆ ಕೈ ಹಾಕಬೇಡಿ, ಆಮದಾದ ಸೆಮಿ-ಆಟೋ ಶಾಟ್‌ಗನ್ನಿನ ಬಿಡಿಭಾಗ ಬದಲಿಸುವುದಕ್ಕೆ ಪ್ರತ್ಯೇಕ ಕೇಂದ್ರ ನಿಯಮವಿದೆ. ಕೊಕ್ಕೆ ಜೊತೆಗಿದ್ದರೆ ಬೆಲೆ ಏರಿಸಿ ಹೇಳುತ್ತಾರೆ. ಅದು ಅಸಲಿಯೋ ಆಮೇಲೆ ಮಾಡಿದ ನಕಲೋ ಎಂದು ತಿರುಗಿಸಿ ನೋಡಿ.